ಅಪ್ಪನ ಎಲೆಯ ವೈನ್

ಕಾಪು, ೨೯ ಜುಲೈ ೨೦೨೫, ಮಂಗಳವಾರ

ಅಮ್ಮನ ಮುಖ ನೋಡಲಾಗುತ್ತಿಲ್ಲ.

ಹಡಗಿನಲ್ಲಿ ಅಡುಗೆಯವರಾಗಿದ್ದ ಅಪ್ಪ ಇಟಲಿಯಿಂದ ತಂದ ಕೆಂಪು ವೈನಿನ ಬಾಟಲಿಯನ್ನು ಹದಿನಾರು ವರ್ಷ ಕಪಾಟಿನಲ್ಲಿ ಮಲಗಿಸಿಟ್ಟಿದ್ದರು. ಅವರು ಹೋದ ಮೇಲೆ ಇದು ಮೊದಲ ಆಟಿ, ನಮ್ಮಲ್ಲಿ ಸತ್ತವರಿಗೆ ಎಲೆ ಬಡಿಸುವ ತಿಂಗಳು; ಅಪ್ಪನ ಎಲೆಯ ಪಕ್ಕ ಆ ವೈನೂ ಇರಲಿ ಎಂದಿದ್ದರು ಅಮ್ಮ. ಕೆಟ್ಟಿದೆಯೋ ಏನೋ ಎಂದು ನಿನ್ನೆ ನಾನೇ ತೆರೆದು ನೋಡಿದೆ. ಒಣಗಿದ ಗುಲಾಬಿಯ ಪರಿಮಳ. ಮೊದಲು ಒಗರು, ಆಮೇಲೆ ಹಣ್ಣಿನ ಸಿಹಿ ಗಂಟಲಲ್ಲಿ ನಿಂತೇ ಇತ್ತು. ಒಂದೇ ಗುಟುಕು ಎಂದುಕೊಂಡವನು ತಳದ ಗಸಿಯವರೆಗೂ ಕುಡಿದೆ. ಖಾಲಿ ಬಾಟಲಿಗೆ ಅದೇ ಕೆಂಪಿನ ಪುನರ್ಪುಳಿ ಹಣ್ಣಿನ ಶರಬತ್ತು ತುಂಬಿಸಿಟ್ಟೆ.

ಇವತ್ತು ಎಲೆ ತೆಗೆಯುವಾಗ ಅಮ್ಮ ಅಪ್ಪನ ಲೋಟದಿಂದ ಸ್ವಲ್ಪ ಕುಡಿದು ಲೋಟ ಕೆಳಗಿಟ್ಟರು.

"ಬರೀ ಪುನರ್ಪುಳಿಯ ಹಾಗೆ ಉಂಟು. ಪಾಪ, ನಿನ್ನ ಅಪ್ಪನಿಗೆ ಅಲ್ಲಿ ಯಾರೋ ಮೋಸ ಮಾಡಿದ್ದಾರೆ, ಅಲ್ವಾ?"

ಹೌದು ಎಂದುಬಿಟ್ಟೆ.