ಕೇಳದೆ ನನ್ನನ್ನು ಕೆಳಗೆ ಬಿಡಹೊರಟರು

ಗಜೇಂದ್ರಗಡದ ಕಳಕಕ್ಕನಿಗೆ,

ಇಲ್ಲಿ ಹೇಸರಗತ್ತೆಗಳು ಗ್ಯಾಸ್ ಸಿಲಿಂಡರ್ ಹೊತ್ತು ಮೋಡದೊಳಗೆ ನಡೆದುಹೋಗುತ್ತವೆ. ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಅದನ್ನೇ ನೋಡುತ್ತ ನಿಂತಿದ್ದೆ. ಅಷ್ಟರಲ್ಲಿ ನಮ್ಮ ಮನೆಯವರು ಗೆಳೆಯರಿಗೆ ಹೇಳಿದರು: "ದೇವಿಕಾನ ಕೈಲೆ ಬೆಟ್ಟ ಹತ್ತೂದು ಆಗೂದಿಲ್ಲ. ಕೆಳಗ ಗುಡಿ ನೋಡ್ಕೋತ ಇರ್ತಾಳ." ನನ್ನನ್ನು ಒಂದು ಮಾತು ಕೇಳಲಿಲ್ಲ! ದಾರಿ, ದಿನ, ತಂಗುವ ಜಾಗ ಎಲ್ಲ ಗೊತ್ತುಮಾಡಿದವಳು ನಾನು. ಮೈ ಉರಿದುಹೋಯಿತು. "ಬರೂದಿದ್ರ ಬರ್ರಿ, ಇಲ್ಲಂದ್ರ ನೀವ ಗುಡಿ ನೋಡ್ರಿ" ಎಂದು ಚೀಲ ಹೆಗಲಿಗೇರಿಸಿ ಎಲ್ಲರಿಗಿಂತ ಮುಂದೆ ಹತ್ತಿಬಂದೆ.

ಹಿಮ್ಮಡಿಗೆ ಬೊಬ್ಬೆ ಎದ್ದಿದೆ, ಬೇರೇನೂ ತೊಂದರೆಯಿಲ್ಲ. ಕೆಳಗಿಳಿಯುವವರೊಬ್ಬರ ಕೈಯಲ್ಲಿ ಈ ಕಾರ್ಡು ಕಳಿಸುತ್ತಿದ್ದೇನೆ, ಅವರು ಹೊರಟು ನಿಂತಿದ್ದಾರೆ. ನಮ್ಮ ಮನೆಯವರು ಚಹಾ ಹಿಡಿದು ನನ್ನೆದುರು ನಿಂತಿದ್ದಾರೆ. ನಾನಿನ್ನೂ ಲೋಟ ತೆಗೆದುಕೊಂಡಿಲ್ಲ. ಚಹಾ ಆರಲಿ.

ನಿನ್ನ ತಂಗಿ ದೇವಿಕಾ