ಟೀಚರಮ್ಮನಿಗೆ ಹತ್ತಿ ನಿಲ್ಲುವ ಮಣೆ

ಮಾರ್ಚ್ ೨೮, ಶುಕ್ರವಾರ

ಇವತ್ತು ಬಾಯಿಗೆ ಬೀಗ ಹಾಕಿಕೊಳ್ಳಬೇಕಿತ್ತು.

ಮೊಮ್ಮಗಳ ಟೀಚರಿಗೆ ಏನು ಕೊಡುವುದೆಂದು ಮನೆಯಲ್ಲಿ ವಾರವೆಲ್ಲ ಚರ್ಚೆ. "ಮಾವ, ಎಲ್ರೂ ಕಪ್ ಕೊಡ್ತಾರೆ, ನಾವೂ ಅದೇ ಕೊಟ್ರಾಯ್ತು" ಅಂದಳು ಸೊಸೆ. ಅಷ್ಟೊಂದು ಕಪ್ ಇಟ್ಟುಕೊಳ್ಳಲು ಆ ಟೀಚರಮ್ಮನ ಮನೆಯೇನು ಹೋಟೆಲ್ಲೇ? ಆಕೆ ಕುಳ್ಳಿ. ತುದಿಗಾಲಲ್ಲಿ ನಿಂತು ಬೋರ್ಡಿನ ಮೇಲೆ ಬರೆಯುವುದನ್ನು, ಮಗುವನ್ನು ಕರೆತರಲು ಹೋದಾಗಲೆಲ್ಲ ಕಿಟಕಿಯಿಂದ ನೋಡಿದ್ದೇನೆ. ಬಡಗಿಯ ಕೈ ಸುಮ್ಮನಿರುತ್ತದೆಯೇ? ತೇಗದ ಮಣೆ ಮಾಡಿದೆ, ಒಂದಿಷ್ಟೂ ಅಲುಗಾಡದಂಥದ್ದು.

ಶಾಲೆಯ ಕೊನೆಯ ದಿನವೆಂದು ಇವತ್ತು ಕೊಟ್ಟೆವು. ಆಕೆ ಅಲ್ಲೇ ಹತ್ತಿ ನಿಂತು, ಬೋರ್ಡಿನ ತುತ್ತತುದಿಯಲ್ಲಿ ಮೊಮ್ಮಗಳ ಹೆಸರು ಬರೆದಳು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜ, ಇನ್ಮೇಲೆ ಇವಳು ದೊಡ್ಡ ಸ್ಕೂಲಿಗೆ ಬಸ್ಸಲ್ಲಿ ಹೋಗ್ತಾಳೆ. ನೀವು ಈ ಕಡೆ ಬರ್ತಾ ಇರ್ತೀರಲ್ವಾ?" ಅಂದಳು.

"ನನಗೇನ್ ಕೆಲಸ ಇಲ್ಲಿ?" ಅಂದುಬಿಟ್ಟೆ.

ಆಕೆಯ ಮುಖ ಸಪ್ಪಗಾಯಿತು. ದಿನಾ ಗೇಟಿನಲ್ಲಿ "ಊಟ ಆಯ್ತಾ ಅಜ್ಜ?" ಎಂದು ಕೇಳುತ್ತಿದ್ದವಳು ಆಕೆಯೊಬ್ಬಳೇ. ಮನೆಯವರು ತಟ್ಟೆ ಮುಚ್ಚಿಟ್ಟು ಕೆಲಸಕ್ಕೆ ಹೋಗುತ್ತಾರೆ, ಉಂಡೆನೋ ಬಿಟ್ಟೆನೋ ಕೇಳುವವರಿಲ್ಲ. ಆ ಮಣೆ ಮೊಮ್ಮಗಳು ಕೊಟ್ಟದ್ದಲ್ಲಮ್ಮಾ, ನಾನು ಕೊಟ್ಟದ್ದು ಅನ್ನಬೇಕಿತ್ತು.

ಸೋಮವಾರ ಮೂರೂವರೆಗೆ, ಮಗುವನ್ನು ಕರೆತರಲು ಹೊರಡುತ್ತಿದ್ದ ಹೊತ್ತಿಗೆ, ಚಪ್ಪಲಿ ಮೆಟ್ಟಿಕೊಂಡು ನಾನು ಎಲ್ಲಿಗೆ ಹೋಗಲಿ?