ಭಾನುವಾರಗಳ ಓಟಿ

ತುಮಕೂರು, ಶುಕ್ರವಾರ

ನಂದಿತಾ,

ಫೋನ್ ಮಾಡಿದರೆ ನೀನು ಸ್ಪೀಕರ್ ಹಾಕುತ್ತೀಯ, ಅತ್ತೆ ಮಾವ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಕುಣಿಗಲ್‌ಗೆ ಹೊರಟಿರುವ ಸಂತೋಷನ ಕೈಲಿ ಈ ಕಾಗದ ಕೊಟ್ಟಿದ್ದೇನೆ.

ನೀನು ಬಾಣಂತನಕ್ಕೆ ತವರಿಗೆ ಹೋದಾಗಿನಿಂದ ಭಾನುವಾರವೆಲ್ಲ ಫ್ಯಾಕ್ಟರಿಯಲ್ಲಿ ಓಟಿ ಮಾಡಿದೆನಲ್ಲ, ಓಟಿ ದುಡ್ಡಿಗೆ ಟ್ಯಾಕ್ಸ್ ಇಲ್ಲ ಅಂತ ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿದ್ದೆ. ಎಷ್ಟು ಉಳಿಯುತ್ತದೆ ಅಂತ ಲೆಕ್ಕವನ್ನೂ ಹಾಕಿಟ್ಟಿದ್ದೆ. ಇವತ್ತು ಅದನ್ನು ಅಕೌಂಟ್ಸ್‌ನ ಅನಂತರಾಮಯ್ಯನವರಿಗೆ ತೋರಿಸಿದೆ.

"ಅದು ಅಮೆರಿಕದ ರೂಲ್ಸು ಕಣಯ್ಯಾ," ಅಂದರು. "ಇಲ್ಲಿ ಓಟಿನೂ ಸಂಬಳನೇ. ಬರೀ ಸಂಬಳ ಆಗಿದ್ರೆ ನಿಂಗೆ ಟ್ಯಾಕ್ಸೇ ಇರ್ಲಿಲ್ಲ, ಸರಿಯಾಗಿ ಮಿತಿಗೆ ನಿಂತಿತ್ತು. ಓಟಿ ಸೇರಿ ದಾಟ್ಬಿಡ್ತು. ಮಿತಿ ಸ್ವಲ್ಪವೇ ದಾಟಿದೋರಿಗೆ ದಾಟಿದ್ದಷ್ಟೂ ಟ್ಯಾಕ್ಸಿಗೇ ಹೋಗುತ್ತೆ, ಅದರ ಮೇಲೆ ಸೆಸ್ಸು. ಮನೇಲಿ ಮಲಗಿದ್ರೆ ಇನ್ನೂ ನಾಲ್ಕು ಕಾಸು ಜಾಸ್ತಿ ಉಳೀತಿತ್ತು."

ಮಾರ್ಚ್ ಸಂಬಳದಲ್ಲೇ ಹಿಡಿದುಕೊಳ್ಳುತ್ತಾರಂತೆ.

ಪಾಪುವಿಗೆ ಬೆಳ್ಳಿ ಉಡಿದಾರ ಈಗ ಆಗುವುದಿಲ್ಲ ಅಂತ ಅತ್ತೆಗೆ ನೀನೇ ಹೇಳಿಬಿಡು. ಯಾಕೆ ಅಂತ ಹೇಳಬೇಡ. ಈ ಭಾನುವಾರವಾದರೂ ಬರೋಣವೆಂದರೆ, ಓಟಿಗೆ ಹೆಸರು ಹಾಕಿಬಿಟ್ಟಿದ್ದಾರೆ. ಗೋಗರೆದು ಹಾಕಿಸಿಕೊಂಡವನು ನಾನೇ, ಈಗ ತೆಗೆಯುವುದಿಲ್ಲವಂತೆ.

ಸಂಕ್ರಾಂತಿಗೆ ಬಂದಾಗ ಎತ್ತಿಕೊಂಡ ತಕ್ಷಣ ಪಾಪು ಕಿರುಚಿಕೊಂಡಿತು, ನೀನು ಬಂದು ಕಿತ್ತುಕೊಂಡೆ. ಮುಂದಿನ ಸಲ ಹಾಗೆ ಮಾಡಬೇಡ. ಅತ್ತರೂ ಸ್ವಲ್ಪ ಹೊತ್ತು ನನ್ನ ಹತ್ತಿರವೇ ಅಳಲಿ.

ಇಂತಿ ನಿನ್ನ,
ಕೃಷ್ಣಕುಮಾರ್